12 ಬೋರ್ಡು, 96 ಹನಿ ಕಣ್ಣೀರು

ಪ್ರಶ್ನಾರ್ಥಕ ಚಿಹ್ನೆಯನ್ನೇ ತನ್ನ ಹೆಸರು ಮಾಡಿಕೊಂಡ ಹಾಡುಗಾರನೊಬ್ಬನಿದ್ದ. ಬರೀ ಸ್ಟೇಜ್ ಮೇಲಿನ ಹೆಸರಲ್ಲ, ಕಾನೂನು ಪ್ರಕಾರ ಬದಲಾಯಿಸಿಕೊಂಡ ಹೆಸರು: "?". ಹುಟ್ಟಿದಾಗ ಇಟ್ಟ ಹೆಸರು ರೂಡಿ ಮಾರ್ಟಿನೆಜ್. ಯಾವಾಗಲೂ ಕಪ್ಪು ಕನ್ನಡಕ. ತಾನು ಮಂಗಳ ಗ್ರಹದವನು, ಹಿಂದಿನ ಜನ್ಮದಲ್ಲಿ ಡೈನೋಸಾರ್‌ಗಳ ಕಾಲದಲ್ಲಿದ್ದವನು ಅಂತೆಲ್ಲ ಹೇಳಿಕೊಳ್ಳುತ್ತಿದ್ದ. ಅವನ ಬ್ಯಾಂಡಿನ ಹೆಸರು ಕ್ವೆಶ್ಚನ್ ಮಾರ್ಕ್ ಆ್ಯಂಡ್ ದ ಮಿಸ್ಟೀರಿಯನ್ಸ್. 1957ರ ಒಂದು ಜಪಾನಿ ಸೈನ್ಸ್ ಫಿಕ್ಷನ್ ಸಿನಿಮಾದಿಂದ ಎತ್ತಿಕೊಂಡ ಹೆಸರು ಅದು.

ಇಷ್ಟು ಕೇಳಿದರೆ ಯಾವುದೋ ತಮಾಷೆ ಬ್ಯಾಂಡ್ ಅನ್ನಿಸುತ್ತೆ. ಆದರೆ 1966ರ ಅಕ್ಟೋಬರ್ 29ರ ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೇ ಸ್ಥಾನದಲ್ಲಿದ್ದ ಹಾಡು ಇವರದ್ದೇ, '96 ಟಿಯರ್ಸ್'. ಅದಕ್ಕಿಂತ ಹಿಂದಿನ ವಾರ ಆ ಜಾಗದಲ್ಲಿ ಕೂತಿದ್ದವರು ಡೆಟ್ರಾಯ್ಟಿನ ಫೋರ್ ಟಾಪ್ಸ್. ಮೋಟೌನ್ ಕಂಪನಿಯ ಕಲಾವಿದರು, ನುರಿತವರು, ಹಿಂದೆ ದೊಡ್ಡ ಸ್ಟುಡಿಯೋ, ಪಕ್ಕಾ ವಾದ್ಯಗಾರರು. ಅವರನ್ನು ಕೆಳಗಿಳಿಸಿದ್ದು ಡೆಟ್ರಾಯ್ಟಿನಿಂದ 160 ಕಿಲೋಮೀಟರ್ ಉತ್ತರಕ್ಕಿರುವ ಸ್ಯಾಗಿನಾ ಕಣಿವೆಯ ಹುಡುಗರು, ಅದರಲ್ಲಿ ಕೆಲವರು ಇನ್ನೂ ಹೈಸ್ಕೂಲ್ ವಯಸ್ಸಿನವರು. ಹಾಡು ರೆಕಾರ್ಡ್ ಆಗಿದ್ದು ಬೇ ಸಿಟಿ ಅನ್ನೋ ಊರಲ್ಲಿ, ಮನೆಯೊಂದರಲ್ಲೇ ಮಾಡಿಕೊಂಡಿದ್ದ ಸಣ್ಣ ಸ್ಟುಡಿಯೋದಲ್ಲಿ. ಅದೇ ವರ್ಷ ಅದೇ ಹೆಸರಲ್ಲಿ ಆಲ್ಬಮ್ ಬಂತು.

ನಾನು ಈ ಆಲ್ಬಮ್ ಬಗ್ಗೆ ಬರೆಯೋದಕ್ಕೆ ಕಾರಣ ನನ್ನ ಎಡಗೈ.

ನಾನು ಹಾಸ್ಟೆಲ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸ್ತೀನಿ. ಬಲಗೈ ಚೆನ್ನಾಗಿ ಓಡುತ್ತೆ, ಎಡಗೈ ಸುಮ್ಮನೆ ತೊಡೆ ಮೇಲೆ ಕೂತಿರುತ್ತೆ. ಮೊದಲ ಪ್ರಾಕ್ಟೀಸಿನಲ್ಲೇ ನಮ್ಮ ಬೇಸಿಸ್ಟ್ ಸೀನಿಯರ್ ನೋಡಿ ಕೇಳಿದ, "ಮಗಾ, ಲೆಫ್ಟ್ ಹ್ಯಾಂಡ್ ಎಲ್ಲೋ? ಕೀಬೋರ್ಡ್ ಅಂದ್ರೆ ಎರಡು ಕೈಲಿ ನುಡಿಸೋದು. ಇದೇನು ಭಜನೆನಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವನು ಹೇಳಿದ್ದು ಅಕ್ಷರಶಃ ನಿಜ. ನಾನು ಕಲಿತಿದ್ದೇ ಭಜನೆಯಲ್ಲಿ. ಗದಗ ಕಡೆ ನಮ್ಮೂರ ಮಠದಲ್ಲಿ ಸೋಮವಾರ ರಾತ್ರಿ ಭಜನೆ ಇರುತ್ತೆ, ಅಲ್ಲಿ ನಮ್ಮಜ್ಜ ಪೇಟಿ ಬಾರಿಸ್ತಾರೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ. ಪೇಟಿಯಲ್ಲಿ ಎಡಗೈ ಕೆಲಸ ತಿದಿ ಒತ್ತೋದು. "ಎಡಗೈ ಉಸಿರು ಹಾಕತೈತಿ, ಬಲಗೈ ಮಾತಾಡತೈತಿ" ಅಂತ ಅಜ್ಜ ಹೇಳಿಕೊಟ್ಟಿದ್ದು. ಕರೆಂಟಿನ ಕೀಬೋರ್ಡಿಗೆ ತಿದಿ ಇಲ್ಲ. ಹಾಗಾಗಿ ನನ್ನ ಎಡಗೈಗೆ ಕೆಲಸವೂ ಇಲ್ಲ.

ಆ ಸೀನಿಯರ್ ಕೆಟ್ಟವನೇನಲ್ಲ. ಅವತ್ತೇ ರಾತ್ರಿ, "ಆರ್ಗನ್ ಹೆಂಗೆ ನುಡಿಸ್ತಾರೆ ಕೇಳು" ಅಂತ ವಾಟ್ಸಾಪಿನಲ್ಲಿ ಒಂದಷ್ಟು ಹಾಡು ಕಳಿಸಿದ. ಅದರಲ್ಲಿ '96 ಟಿಯರ್ಸ್' ಇತ್ತು. ಹಾಡು ಶುರುವಾಗುತ್ತಿದ್ದಂತೆ ಆರ್ಗನ್ ಬರುತ್ತೆ. ಚೂಪು ಧ್ವನಿ, ಒಂದೇ ಚಿಕ್ಕ ವರಸೆ, ಬಿಟ್ಟು ಬಿಟ್ಟು ಒತ್ತುವ ಬೆರಳು. ಅದೇ ತಿರುಗಿ, ಅದೇ ತಿರುಗಿ. ಮೂರು ನಿಮಿಷದಲ್ಲಿ ಹಾಡು ಮುಗಿಯುತ್ತೆ. ನಾನು ಹತ್ತು ಸಲ ಕೇಳಿದೆ. ಹತ್ತನೇ ಸಲ ಬರೀ ಕೆಳಗಿನ ಸ್ವರಗಳನ್ನು ಹುಡುಕುತ್ತ ಕೇಳಿದೆ. ಕೆಳಗಿನ ಭಾರವನ್ನೆಲ್ಲ ಹೊತ್ತಿರೋದು ಬೇಸ್ ಗಿಟಾರ್. ಈ ಹಾಡಿನ ಪ್ರಾಣವಾಗಿರುವ ಆ ವರಸೆಗೆ ಒಂದೇ ಕೈ ಸಾಕು!

ಆರ್ಗನ್ ನುಡಿಸಿದವನ ಹೆಸರು ಫ್ರ್ಯಾಂಕ್ ರೋಡ್ರಿಗೆಜ್. ಬ್ಯಾಂಡಿನ ಉಳಿದವರು ಗಿಟಾರಿಗೆ ಬಾಬಿ ಬಾಲ್ಡರಾಮಾ, ಬೇಸಿಗೆ ಫ್ರ್ಯಾಂಕ್ ಲೂಗೋ, ಡ್ರಮ್ಸಿಗೆ ಎಡ್ಡಿ ಸೆರಾಟೋ. ಹೆಸರುಗಳಲ್ಲೇ ಗೊತ್ತಾಗುತ್ತೆ, ಎಲ್ಲರೂ ಮೆಕ್ಸಿಕನ್ ಮೂಲದವರು. ಇವರ ಮನೆಯವರು ಗುಳೆ ಬಂದ ಜನ. ಟೆಕ್ಸಾಸ್ ಕಡೆಯಿಂದ ಮಿಷಿಗನ್ನಿನ ಸಕ್ಕರೆ ಬೀಟ್‌ರೂಟ್ ಹೊಲಗಳಿಗೆ ಕೂಲಿಗೆ ಬಂದು, ಅಲ್ಲೇ ನಿಂತ ಕುಟುಂಬಗಳು. ಸ್ಯಾಗಿನಾದಲ್ಲಿ ಜನರಲ್ ಮೋಟರ್ಸಿನ ಎರಕದ ಕಾರ್ಖಾನೆಗಳಿದ್ದವು. ಹೊಲ ಬಿಟ್ಟವರು ಕಾರ್ಖಾನೆಗೆ ಹೋದರು. ಅಲ್ಲಿ ಬೆಳೆದ ಮಕ್ಕಳ ಕಿವಿಗೆ ಎಲ್ಲ ದಿಕ್ಕಿನಿಂದಲೂ ಹಾಡು ಬರುತ್ತಿತ್ತು. ಮದುವೆ ಮುಂಜಿಗಳಲ್ಲಿ ಟೆಕ್ಸಾಸಿನ ಅಕಾರ್ಡಿಯನ್, ರೇಡಿಯೋದಲ್ಲಿ ಡೆಟ್ರಾಯ್ಟಿನ ಕಪ್ಪು ಜನರ ರಿದಮ್ ಆ್ಯಂಡ್ ಬ್ಲೂಸ್, ಟಿವಿಯಲ್ಲಿ ಇಂಗ್ಲೆಂಡಿನ ಹೊಸ ಬ್ಯಾಂಡುಗಳು.

ಟೆಕ್ಸಾಸಿನ ಆ ಅಕಾರ್ಡಿಯನ್ ಸಂಗೀತಕ್ಕೆ ಕೊಂಹುಂಟೋ ಅಂತಾರೆ. ಜರ್ಮನ್, ಚೆಕ್ ವಲಸಿಗರು ತಂದ ಅಕಾರ್ಡಿಯನ್ನನ್ನು ಮೆಕ್ಸಿಕನ್ ಜನ ತಮ್ಮದಾಗಿಸಿಕೊಂಡು ಮಾಡಿದ ಕುಣಿತದ ಸಂಗೀತ ಅದು. 1930ರ ದಶಕದಲ್ಲಿ ನಾರ್ಸಿಸೋ ಮಾರ್ಟಿನೆಜ್ ಅನ್ನುವ ವಾದಕ ಒಂದು ಕೆಲಸ ಮಾಡಿದ. ಅಕಾರ್ಡಿಯನ್ನಿಗೆ ಎಡಗೈ ಕಡೆ ಬೇಸ್ ಗುಂಡಿಗಳಿರುತ್ತವೆ. ಆತ ಅವುಗಳ ಗೊಡವೆ ಬಿಟ್ಟು ಪೂರ್ತಿ ಗಮನ ಬಲಗೈ ಮೇಲೆ ಇಟ್ಟ. ಬೇಸಿನ ಕೆಲಸವನ್ನು ಪಕ್ಕದಲ್ಲಿ ಬಾಹೋ ಸೆಕ್ಸ್ಟೋ ಅನ್ನುವ ಹನ್ನೆರಡು ತಂತಿಯ ದೊಡ್ಡ ಗಿಟಾರ್ ನುಡಿಸುವವನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಆ ಶೈಲಿಯೇ ಹಾಗಾಯ್ತು: ಬಲಗೈ ಚುರುಕು, ಬಿಡಿ ಬಿಡಿ ಸ್ವರ, ಎಡಗೈ ಬರೀ ತಿದಿ ಎಳೆಯೋದಕ್ಕೆ.

ಇದನ್ನು ಓದಿದಾಗ ನನಗೆ ಮೈ ಜುಮ್ ಅಂತು. ಇದು ಅಜ್ಜನ ಕೈ! ಸುಮ್ಮನೆ ಹೋಲಿಕೆ ಅಲ್ಲ ಇದು. ಅಕಾರ್ಡಿಯನ್ನೂ ಪೇಟಿಯೂ ದಾಯಾದಿಗಳು. ಎರಡರಲ್ಲೂ ಗಾಳಿ ನುಗ್ಗಿದಾಗ ಹಿತ್ತಾಳೆ ಅಥವಾ ಉಕ್ಕಿನ ತೆಳು ನಾಲಿಗೆ ನಡುಗಿ ಸ್ವರ ಹುಟ್ಟುತ್ತೆ. ಹಾರ್ಮೋನಿಯಂ 1840ರ ದಶಕದ ಪ್ಯಾರಿಸ್ಸಿನದ್ದು, ಕಾಲಲ್ಲಿ ತುಳಿಯುವ ಪೆಟ್ಟಿಗೆ. ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ಹಾಗೆ ಮಾಡಿದ್ದು ಅದೇ ಶತಮಾನದ ಕೊನೆಯ ದಶಕಗಳ ಕಲ್ಕತ್ತಾ. ಯುರೋಪಿನ ಒಂದೇ ಮನೆತನದ ಒಂದು ಮಗು ಟೆಕ್ಸಾಸಿಗೆ ಹೋಯ್ತು, ಇನ್ನೊಂದು ಕಲ್ಕತ್ತಾ ದಾಟಿ ಗದಗ ಸೀಮೆಗೆ ಬಂತು. ಎರಡೂ ಕಡೆ ಎಡಗೈ ಉಸಿರಾಯ್ತು.

ಈಗ ನಮ್ಮ ಬ್ರಾಂಚಿನ ವಿಷಯಕ್ಕೆ ಬರ್ತೀನಿ. ನಾನು ಇ ಆ್ಯಂಡ್ ಸಿ. ಇಂಥ ಹಾಡುಗಳಲ್ಲಿ ಕೇಳುವ ಆರ್ಗನ್ ಚರ್ಚಿನ ಪೈಪ್ ಆರ್ಗನ್ ಅಲ್ಲ. ಜಾಝ್‌ನವರ ಹ್ಯಾಮಂಡ್ ಆರ್ಗನ್ನೂ ಅಲ್ಲ. ಅದನ್ನು ಎತ್ತೋಕೆ ನಾಲ್ಕು ಜನ ಬೇಕು. 1962ರಲ್ಲಿ ಇಂಗ್ಲೆಂಡಿನಿಂದ ವಾಕ್ಸ್ ಕಾಂಟಿನೆಂಟಲ್ ಬಂತು. ಆಮೇಲೆ ಇಟಲಿಯಿಂದ ಫಾರ್ಫೀಸಾ ಕಾಂಪ್ಯಾಕ್ಟ್. ಟ್ರಾನ್ಸಿಸ್ಟರ್ ಹಾಕಿದ, ಕಾಲು ಕಳಚಿ ಕಾರಿನ ಡಿಕ್ಕಿಗೆ ಹಾಕಿಕೊಂಡು ಹೋಗಬಹುದಾದ ಆರ್ಗನ್‌ಗಳು ಇವು. ಕಾರ್ ಶೆಡ್ಡಿನಲ್ಲಿ ಪ್ರಾಕ್ಟೀಸ್ ಮಾಡುವ ಹುಡುಗರಿಗೆ ಹೇಳಿ ಮಾಡಿಸಿದ ಹಾಗೆ. 'ಗ್ಯಾರೇಜ್ ರಾಕ್' ಅನ್ನೋ ಹೆಸರು ಬಂದಿದ್ದೇ ಆ ಶೆಡ್ಡುಗಳಿಂದ.

ವಾಕ್ಸ್ ಒಳಗೆ 12 ಸರ್ಕ್ಯೂಟ್ ಬೋರ್ಡುಗಳಿರುತ್ತವೆ. ಒಂದು ಸಪ್ತಕದ 12 ಸ್ವರಕ್ಕೆ ಒಂದೊಂದು. ಪ್ರತಿ ಬೋರ್ಡಿನ ಆಸಿಲೇಟರ್ ಆ ಸ್ವರದ ಅತಿ ಮೇಲಿನ ಸಪ್ತಕವನ್ನು ಹುಟ್ಟಿಸುತ್ತೆ. ಕೆಳಗಿನ ಸಪ್ತಕಗಳಿಗೆ ಬೇರೆ ಆಸಿಲೇಟರ್ ಬೇಕಿಲ್ಲ, ಅದನ್ನೇ ಎರಡರಿಂದ ಭಾಗಿಸುತ್ತ ಹೋದರೆ ಸಾಕು. ಸಪ್ತಕ ಇಳಿಯೋದು ಅಂದರೆ ಫ್ರೀಕ್ವೆನ್ಸಿ ಅರ್ಧ ಆಗೋದು ಅಷ್ಟೇ ಅಲ್ವಾ? 880, 440, 220, 110. ನಮ್ಮ ಡಿಜಿಟಲ್ ಲ್ಯಾಬಿನಲ್ಲಿ 7476 ಐಸಿ ಹಾಕಿ ಜೆ, ಕೆ ಎರಡನ್ನೂ ಹೈ ಮಾಡಿ ಟಾಗಲ್ ಮಾಡ್ತೀವಲ್ಲ, ಅದೇ ತತ್ವ. ಒಂದು ಮಧ್ಯಾಹ್ನ ಎಕ್ಸ್‌ಪೆರಿಮೆಂಟ್ ಬೇಗ ಮುಗೀತು. ಫಂಕ್ಷನ್ ಜನರೇಟರಿನಿಂದ 880 ಹರ್ಟ್ಸ್ ಕೊಟ್ಟು, ಎರಡು ಫ್ಲಿಪ್-ಫ್ಲಾಪ್ ದಾಟಿಸಿ, ಔಟ್‌ಪುಟ್ಟನ್ನು ಹಳೇ ಪಿಸಿ ಸ್ಪೀಕರಿಗೆ ಕೊಟ್ಟೆವು. ಎಲ್‌ಇಡಿ ಮಿಣುಕೋದನ್ನಷ್ಟೇ ನೋಡಿದ್ದ ಸರ್ಕ್ಯೂಟ್ ಸ್ವರ ಹಾಡಿತು. ಮೊದಲ ಫ್ಲಿಪ್-ಫ್ಲಾಪಿನಿಂದ ಮಧ್ಯ ಸಪ್ತಕ, ಎರಡನೆಯದರಿಂದ ಮಂದ್ರ. ಚೌಕಾಕಾರದ ಅಲೆ, ಕರಕರ ಧ್ವನಿ. ಪಕ್ಕದ ಬ್ಯಾಚಿನವರು ತಿರುಗಿ ನೋಡಿದರು. ಲ್ಯಾಬ್ ಅಟೆಂಡರ್ ಬಂದು, "ಏನ್ರಪ್ಪಾ ಇದು ನಾದಸ್ವರ?" ಅಂದ್ರು.

ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜನಿಗೆ '96 ಟಿಯರ್ಸ್' ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮೊಣಕಾಲ ಮೇಲೆ ಬೆರಳು ಆಡುತ್ತಿತ್ತು. ಆಮೇಲೆ ಹೇಳಿದ್ದು ಎರಡೇ ಮಾತು: "ಹುಡುಗನ ಬಲಗೈ ಚಲೋ ಐತಿ. ತಿದಿ ಯಾರು ಒತ್ತತಾರ?"

"ಯಾರೂ ಇಲ್ಲಜ್ಜಾ, ಕರೆಂಟ್" ಅಂದೆ.

"ಹಂಗಾರ ಅದಕ್ಕ ಉಸಿರಿಲ್ಲ. ಅದಕ್ಕ ಅಂವಾ ಹಂಗ ಬಡದು ಬಡದು ಬಾರಸತಾನ."

ನಾನು ಇಂಟರ್ನೆಟ್ಟಿನಲ್ಲಿ ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಸಿಕ್ಕಿರಲಿಲ್ಲ. ಯೋಚನೆ ಮಾಡಿ ನೋಡಿ. ಪಿಯಾನೋದಲ್ಲಿ ಮೆತ್ತಗೆ ಒತ್ತಿದರೆ ಮೆತ್ತಗೆ, ಜೋರಾಗಿ ಒತ್ತಿದರೆ ಜೋರು. ಪೇಟಿಯಲ್ಲಿ ತಿದಿಯಿಂದ ಸ್ವರವನ್ನು ಉಬ್ಬಿಸಬಹುದು, ಇಳಿಸಬಹುದು. ಈ ಆರ್ಗನ್ನಿನ ಕೀಲಿ ಮಾತ್ರ ಬರೀ ಸ್ವಿಚ್. ಆಸಿಲೇಟರ್‌ಗಳು ಯಾವಾಗಲೂ ಓಡುತ್ತಿರುತ್ತವೆ, ಕೀಲಿ ಒತ್ತಿದರೆ ಸ್ವರ ಹೊರಗೆ ಬರುತ್ತೆ, ಬಿಟ್ಟರೆ ಬಂದ್. ಒಂದು ಅಥವಾ ಸೊನ್ನೆ. ಕಾಲಿನ ಪೆಡಲ್ಲಿನಿಂದ ಒಟ್ಟು ವಾಲ್ಯೂಮ್ ಏರಿಸಬಹುದು, ಇಳಿಸಬಹುದು. ಬೆರಳಿಗೆ ಆ ಅಧಿಕಾರ ಇಲ್ಲ. ಹಾಗಾದರೆ ನುಡಿಸುವವನ ಬೆರಳಿಗೆ ಉಳಿದಿದ್ದೇನು? ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು. ಬರೀ ಕಾಲ. ಅಂದರೆ ತಾಳ.

ಅದಕ್ಕೇ ಈ ಆಲ್ಬಮಿನಲ್ಲಿ ಆರ್ಗನ್ ಡ್ರಮ್ಮಿನ ಹಾಗೆ ನಡೆಯುತ್ತೆ. ಕುಣಿಸಬೇಕು ಅಂತ ಅದಕ್ಕೆ ಏನೂ ಸೇರಿಸಿಲ್ಲ. ಉಸಿರಿಲ್ಲದ ವಾದ್ಯಕ್ಕೆ ಉಳಿದ ಒಂದೇ ದಾರಿ ಕುಣಿತ. ಅವರು ಆ ದಾರಿಯನ್ನು ಬಿಡದೇ ಹಿಡಿದರು. ಇಡೀ ಆಲ್ಬಮ್ ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತೆ. 'ಐ ನೀಡ್ ಸಮ್‌ಬಡಿ' ಅದೇ ಕುಣಿತದ ನಡಿಗೆಯಲ್ಲಿ ಸಾಗುತ್ತೆ. 'ಸ್ಟಾರ್ಮಿ ಮಂಡೇ' ಮೂಲದಲ್ಲಿ ಟಿ-ಬೋನ್ ವಾಕರನ ಬ್ಲೂಸ್, ಕಪ್ಪು ಜನರ ದುಃಖದ ಹಾಡು. ಅದನ್ನು ಈ ಹುಡುಗರು ತಮ್ಮ ಕೈಲಿದ್ದ ಸಾಮಾನಿನಲ್ಲೇ ನುಡಿಸಿದ್ದಾರೆ. ಅತ್ತ ಬ್ಲೂಸ್, ಇತ್ತ ಇಂಗ್ಲಿಷ್ ಬೀಟ್, ನಡುವೆ ಟೆಕ್ಸಾಸಿನ ಅಕಾರ್ಡಿಯನ್ನಿನ ನೆನಪು. ಯಾವ ಹಾಡನ್ನು ಯಾವ ಡಬ್ಬಿಗೆ ಹಾಕೋದು ಅಂತ ಕೇಳಿದರೆ ಉತ್ತರ ಇಲ್ಲ. 1971ರಲ್ಲಿ ಕ್ರೀಮ್ ಪತ್ರಿಕೆಯಲ್ಲಿ ಡೇವ್ ಮಾರ್ಶ್ ಇವರ ಬಗ್ಗೆ ಬರೆಯುವಾಗ 'ಪಂಕ್ ರಾಕ್' ಅನ್ನೋ ಪದ ಬಳಸಿದ. ಆ ಪದ ಜನಪ್ರಿಯ ಆಗೋದಕ್ಕೆ ಎಷ್ಟೋ ವರ್ಷ ಮೊದಲು! 1967ರಲ್ಲಿ ಅರೆಥಾ ಫ್ರ್ಯಾಂಕ್ಲಿನ್ ಇದೇ ಹಾಡನ್ನು ಸೋಲ್ ಮಾಡಿ ಹಾಡಿದಳು. 1990ರಲ್ಲಿ ಇಂಗ್ಲೆಂಡಿನ ಸ್ಟ್ರ್ಯಾಂಗ್ಲರ್ಸ್ ಮತ್ತೆ ಹಾಡಿದರು. ಹಾಡು ಎಲ್ಲ ಡಬ್ಬಿಗೂ ಹೊಂದಿತು, ಯಾವುದರಲ್ಲೂ ಉಳಿಯಲಿಲ್ಲ.

ನಮ್ಮ ಫೆಸ್ಟುಗಳ ಬ್ಯಾಂಡ್ ಸ್ಪರ್ಧೆಯ ಫಾರ್ಮಿನಲ್ಲಿ 'ಜಾನರ್' ಅಂತ ಒಂದು ಕಾಲಂ ಇರುತ್ತೆ. ಅರ್ಧ ಬ್ಯಾಂಡುಗಳು 'ಫ್ಯೂಷನ್' ಅಂತ ಬರೀತಾರೆ. ನಮ್ಮಲ್ಲಿ ಫ್ಯೂಷನ್ ಅಂದರೆ ಏನು ಗೊತ್ತಲ್ಲ? ಒಂದು ರಾಕ್ ಹಾಡು, ನಡುವೆ ಎಂಟು ಸಾಲು ವಚನವೋ ದಾಸರ ಪದವೋ, ಕೊನೆಗೆ ಒಂದು ತನಿ. ಮಿಕ್ಸಿಗೆ ಹಾಕಿದ ಹಾಗೆ. ಇದನ್ನು ಹೀಯಾಳಿಸ್ತಿಲ್ಲ, ಅದರಲ್ಲೂ ಚೆನ್ನಾಗಿರೋದು ಕೇಳಿದ್ದೀನಿ. ಆದರೆ ಮಿಸ್ಟೀರಿಯನ್ಸ್ ಮಾಡಿದ್ದು ಅದಲ್ಲ. ಸ್ವಲ್ಪ ಮೆಕ್ಸಿಕೋ ಸೇರಿಸೋಣ ಅಂತ ಅವರು ಮೀಟಿಂಗ್ ಮಾಡಿರಲಿಕ್ಕಿಲ್ಲ. ರೇಡಿಯೋದಲ್ಲಿ ಕೇಳಿದ ಹಾಡನ್ನು ಹಾಡಲು ಕೂತಾಗ, ಮನೆಯಲ್ಲಿ ಕೇಳಿ ಬೆಳೆದದ್ದು ಬೆರಳಿನಿಂದ ತಾನಾಗೇ ಇಳಿಯಿತು ಅಂತ ನನ್ನ ಕಿವಿ ಹೇಳುತ್ತೆ. ಬೆರಕೆ ಅವರಲ್ಲೇ ಇತ್ತು, ಹಾಡಿಗೆ ಅದನ್ನು ಹೊರಗಿನಿಂದ ತರಬೇಕಿರಲಿಲ್ಲ.

ಈ ಕಥೆಗೆ ಇನ್ನೊಂದು ಮುಖ ಇದೆ. ಎಂಜಿನಿಯರಿಂಗ್ ಓದುವ ನಾವೆಲ್ಲ ಅದನ್ನು ತಿಳಿದುಕೊಳ್ಳಬೇಕು.

ಹಾಡು ಮೊದಲು ಬಂದಿದ್ದು ಪಾ-ಗೋ-ಗೋ ಅನ್ನುವ ಪುಟ್ಟ ಲೇಬಲ್ಲಿನಲ್ಲಿ. ಬ್ಯಾಂಡಿನ ಮ್ಯಾನೇಜರ್ ಲಿಲ್ಲಿ ಗೊನ್ಸಾಲೆಸ್ ಎಂಬಾಕೆಯೇ ನಡೆಸುತ್ತಿದ್ದ ಲೇಬಲ್ ಅದು. ಮಿಷಿಗನ್ನಿನ ರೇಡಿಯೋಗಳಲ್ಲಿ ಹಾಡು ಹಬ್ಬಿತು. ಆಗ ಫಿಲಡೆಲ್ಫಿಯಾದ ಕೇಮಿಯೋ-ಪಾರ್ಕ್‌ವೇ ಕಂಪನಿ ಅದನ್ನು ಕೊಂಡುಕೊಂಡಿತು. ಚಬ್ಬಿ ಚೆಕರನ 'ದ ಟ್ವಿಸ್ಟ್' ತಂದು ಅಮೆರಿಕವನ್ನೆಲ್ಲ ಕುಣಿಸಿದ ಕಂಪನಿ. ಆಲ್ಬಮ್ ತಂದಿದ್ದೂ ಅವರೇ. ಆಮೇಲೆ ಆ ಕಂಪನಿ ಕೈ ಬದಲಾಗಿ ಅಲೆನ್ ಕ್ಲೈನ್ ಎಂಬ ಮ್ಯಾನೇಜರನ ಪಾಲಾಯಿತು. ರೋಲಿಂಗ್ ಸ್ಟೋನ್ಸ್, ಬೀಟಲ್ಸ್ ವ್ಯವಹಾರ ನೋಡಿಕೊಂಡ ಅದೇ ಕ್ಲೈನ್. ಕೇಮಿಯೋದ ಮಾಸ್ಟರ್ ಟೇಪುಗಳು ಕಪಾಟು ಸೇರಿದವು. ಜನ ಹಾಡು ಕೇಳಬೇಕು ಅಂದರೂ ಅಧಿಕೃತವಾದ ಮೂಲ ರೆಕಾರ್ಡಿಂಗ್ ಅಂಗಡಿಯಲ್ಲಿ ಸಿಗದೇ ಹೋಯಿತು. ದಶಕಗಳೇ ಕಳೆದವು. ಕೊನೆಗೆ ಅವು ಸಿಡಿಯಾಗಿ ಹೊರಬಂದಿದ್ದು 2005ರಲ್ಲಿ.

ಅಂದರೆ ಹಾಡಿದವರು ಇದ್ದಾರೆ, ಕೇಳುವವರು ಇದ್ದಾರೆ, ನಡುವೆ ಒಂದು ಬೀಗ. ನಾವು ಹ್ಯಾಕಥಾನಿನ ಫಾರ್ಮಿನಲ್ಲಿ, ಇಂಟರ್ನ್‌ಶಿಪ್ಪಿನ ಕಾಗದದಲ್ಲಿ, ಫೈನಲ್ ಇಯರ್ ಪ್ರಾಜೆಕ್ಟಿನ ಸ್ಪಾನ್ಸರ್ ಪತ್ರದಲ್ಲಿ ಕಣ್ಣಾಡಿಸದೆ 'ಐ ಅಗ್ರೀ' ಒತ್ತುವ ಜನ. ಬರೆದ ಕೋಡ್ ಯಾರದ್ದು, ಮಾಡಿದ ಬೋರ್ಡ್ ಯಾರದ್ದು ಅನ್ನೋ ಪ್ರಶ್ನೆ ನಮ್ಮ ಸಿಲೆಬಸ್ಸಿನಲ್ಲಿ ಒಂದು ಯೂನಿಟ್ ಇದೆ. ಎಕ್ಸಾಮಿಗೆ ಓದಿ ಬಿಡ್ತೀವಿ. ಈ ಹುಡುಗರಿಗೆ ಅದೇ ಪ್ರಶ್ನೆ ಜೀವನವಿಡೀ ಬಂತು.

ಅವರೇನು ಮಾಡಿದರು ಗೊತ್ತಾ? 1997ರಲ್ಲಿ ಮತ್ತೆ ಸೇರಿ, ತಮ್ಮ ಹಾಡುಗಳನ್ನು ಮೊದಲಿನಿಂದ ಮತ್ತೆ ರೆಕಾರ್ಡ್ ಮಾಡಿದರು. ಮೂವತ್ತು ವರ್ಷದ ಮೇಲೆ! ಟೇಪು ಕಂಪನಿಯದ್ದು ಇರಬಹುದು, ಬೆರಳು ನಮ್ಮದಲ್ವಾ ಅಂದ ಹಾಗೆ. ಕೇಳಿ ನೋಡಿ, ಆರ್ಗನ್ನಿನ ಆ ವರಸೆ ಅಲ್ಲೇ ಇದೆ. ಕೈಯಲ್ಲಿ ಕೂತಿದ್ದನ್ನು ಯಾರೂ ಕಪಾಟಿನಲ್ಲಿಟ್ಟು ಬೀಗ ಹಾಕೋಕಾಗಲ್ಲ.

ಇದನ್ನೆಲ್ಲ ನಾನು ನಮ್ಮ ಸೀನಿಯರಿಗೆ ಹೇಳಿದೆ. ನಾರ್ಸಿಸೋ ಮಾರ್ಟಿನೆಜ್, ಬಾಹೋ ಸೆಕ್ಸ್ಟೋ, ಪೇಟಿ, ಎಲ್ಲ. ಅವನು ಬೇಸ್ ಟ್ಯೂನ್ ಮಾಡ್ತಾ ಕೇಳಿಸಿಕೊಂಡು, "ಅಂದ್ರೆ ನಿನ್ನ ಲೆಫ್ಟ್ ಹ್ಯಾಂಡ್ ನಾನು ಅಂತೀಯಾ?" ಅಂದ. ಹೌದು ಅಂದೆ. "ಸರಿ ಹಾಗಾದ್ರೆ, ನಾನು ಎಲ್ಲಿ ನಿಲ್ಲಿಸ್ತೀನಿ ನೋಡ್ಕೊಂಡು ನುಡ್ಸು." ಅವತ್ತಿನಿಂದ ನಮ್ಮ ಪ್ರಾಕ್ಟೀಸ್ ಬದಲಾಗಿದೆ. ಅವನು ಕೆಳಗಿನ ಸ್ವರ ಹಿಡೀತಾನೆ, ನಾನು ಕಡಿಮೆ ನುಡಿಸ್ತೀನಿ, ಬಿಟ್ಟು ಬಿಟ್ಟು ನುಡಿಸ್ತೀನಿ. ಭಜನೆ ಕೊನೆಯಲ್ಲಿ ತಾಳ ಏರುತ್ತಾ ಹೋಗುವಾಗ ಅಜ್ಜ ಸ್ವರಗಳನ್ನು ತುಂಡು ತುಂಡು ಮಾಡಿ ಒಗೀತಾರಲ್ಲ, ಹಾಗೆ. ನಮ್ಮ ಡ್ರಮ್ಮರಿಗೆ ಮೊದಲು ಅದು ಹಿಡಿತಕ್ಕೆ ಸಿಗಲಿಲ್ಲ. ಈಗ ಅವನೇ ಆ ಜಾಗ ಬಂದಾಗ ನನ್ನ ಕಡೆ ನೋಡಿ ನಗ್ತಾನೆ.

ಮುಂದಿನ ಫೆಸ್ಟಿನ ಫಾರ್ಮ್ ಇನ್ನೂ ತುಂಬಿಲ್ಲ. ಜಾನರ್ ಕಾಲಮ್ಮಿನಲ್ಲಿ ಏನು ಬರೀಬೇಕು ಅಂತ ಜಗಳ ನಡೀತಾ ಇದೆ. ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕೋಣ ಅನ್ನೋದು ನನ್ನ ವೋಟು.

ಅಷ್ಟರಲ್ಲಿ ನೀವು ಈ ಆಲ್ಬಮ್ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಬೇಸ್ ಕೇಳಿಸಲ್ಲ. ರೂಮ್‌ಮೇಟಿನ ಒಳ್ಳೇ ಹೆಡ್‌ಫೋನ್ ಕಡ ತಗೊಳ್ಳಿ. ಮೊದಲ ಸಲ ಆರ್ಗನ್ ಮಾತ್ರ ಕೇಳಿ, ಎರಡನೇ ಸಲ ಬೇಸ್ ಮಾತ್ರ. ಮೂರನೇ ಸಲ ಏನೂ ಹುಡುಕಬೇಡಿ. ಕಾಲು ತಾನಾಗೇ ನೆಲ ಬಡಿಯೋಕೆ ಶುರು ಮಾಡುತ್ತೆ.